ಕಲಬುರಗಿಯ ಬಿಸಿಲು, ಏರಿಳಿಯುವ ಕರೆಂಟು: ಮೊದಲ ಗೇಮಿಂಗ್ ಕಂಪ್ಯೂಟರಿಗೆ ಯಾವ ಬಿಡಿಭಾಗಗಳನ್ನು ಆರಿಸಲಿ?

ತೊಗರಿಹೊಲ (ಪ್ರಶ್ನೆ)

ಎಲ್ಲರಿಗೂ ಶರಣು. ನಾನು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಈ ಸಲ ತೊಗರಿ ಮಾರಿದ ಮೇಲೆ ಅಪ್ಪ ಕೊಟ್ಟದ್ದು, ನಾನು ಟ್ಯೂಷನ್ ಹೇಳಿ ಕೂಡಿಟ್ಟದ್ದು ಸೇರಿ 90,000 ರೂಪಾಯಿ ಇದೆ. ಮಾನಿಟರ್ ಕೂಡ ಇದರಲ್ಲೇ ಆಗಬೇಕು. ಹಗಲು ಕಾಲೇಜಿನ ಪ್ರೋಗ್ರಾಮಿಂಗ್, ರಾತ್ರಿ ವ್ಯಾಲರಂಟ್ ಎಂಬ ಆನ್‌ಲೈನ್ ಶೂಟಿಂಗ್ ಆಟ ಮತ್ತು ಆಗಾಗ ದೊಡ್ಡ ಆಟಗಳು, ಇಷ್ಟು ನನ್ನ ಬಳಕೆ.

ಇಲ್ಲಿನ ಒಂದು ಅಂಗಡಿಯವರು ಬರೆದುಕೊಟ್ಟ ಪಟ್ಟಿ ಹೀಗಿದೆ: ಐ5-12400ಎಫ್ ಪ್ರೊಸೆಸರ್, 16 ಜಿಬಿಯ ಒಂದೇ ರ‍್ಯಾಮ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 500 ಜಿಬಿ ಎಸ್‌ಎಸ್‌ಡಿ, ಲಿಕ್ವಿಡ್ ಕೂಲರ್, ಮುಂಭಾಗದಲ್ಲಿ ಪೂರ್ತಿ ಗಾಜಿರುವ ಕ್ಯಾಬಿನೆಟ್. ಎಸ್‌ಎಂಪಿಎಸ್ (ಎಲ್ಲ ಬಿಡಿಭಾಗಗಳಿಗೂ ಕರೆಂಟು ಹಂಚುವ ಡಬ್ಬಿ) ಎಂಬಲ್ಲಿ ಕಂಪನಿಯ ಹೆಸರಿಲ್ಲ, 500 ವ್ಯಾಟ್ ಎಂದಷ್ಟೇ ಇದೆ. ನನ್ನ ಕೋಣೆ ಮಾಳಿಗೆಯ ಮೇಲಿದೆ, ಮೇಲೆ ಪತ್ರಾಸ್ ಹೊದಿಸಿದೆ, ಏಪ್ರಿಲ್ ಮೇ ತಿಂಗಳಲ್ಲಿ ಒಳಗೆ ಕೂರುವುದೇ ಕಷ್ಟ. ಇಷ್ಟು ಹಣವನ್ನು ಮತ್ತೆ ಕೂಡಿಸಲು ನನಗೆ ವರ್ಷಗಳೇ ಬೇಕಾಗುತ್ತವೆ. ಆದ್ದರಿಂದ ಈ ಪಟ್ಟಿಯಲ್ಲಿ ಏನನ್ನು ಬದಲಿಸಬೇಕೆಂದು ತಿಳಿದವರು ದಯವಿಟ್ಟು ಹೇಳಬೇಕು.

ಭೀಮಾತೀರ

ತಮ್ಮಾ, ಎಲ್ಲಕ್ಕಿಂತ ಮೊದಲು ಆ ಹೆಸರಿಲ್ಲದ ಎಸ್‌ಎಂಪಿಎಸ್ಸನ್ನು ಪಟ್ಟಿಯಿಂದ ಹೊಡೆದುಹಾಕು. ನನ್ನ ಮೊದಲ ಕಂಪ್ಯೂಟರಿಗೂ ಅಂಥದ್ದನ್ನೇ ಹಾಕಿಸಿದ್ದೆ. ಮೇ ತಿಂಗಳ ಒಂದು ಸಂಜೆ ಗಾಳಿ ಮಳೆಗೆ ನಮ್ಮ ಓಣಿಯ ನ್ಯೂಟ್ರಲ್ ತಂತಿ ಕಡಿದು ವೋಲ್ಟೇಜ್ ಒಮ್ಮೆಲೇ ಏರಿದಾಗ, ಅದು ತಾನು ಸುಟ್ಟುಹೋದದ್ದಲ್ಲದೆ ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೆ ಒಯ್ದಿತು. ತಂಗಿಯ ಮದುವೆಯ ಫೋಟೊಗಳೆಲ್ಲ ಅದರಲ್ಲೇ ಇದ್ದವು.

ಅಂಗಡಿಗೆ ಹೋದಾಗ ಡಬ್ಬಿಯ ಮೇಲಿನ ದೊಡ್ಡ ಅಂಕಿಯನ್ನು ಬಿಟ್ಟು, ಎಸ್‌ಎಂಪಿಎಸ್‌ನ ಮೈಮೇಲೆ ಅಂಟಿಸಿರುವ ಚೀಟಿಯನ್ನು ಓದು. ಅದರಲ್ಲಿ 12 ವೋಲ್ಟ್ ಎಂಬ ಸಾಲಿನ ಕೆಳಗೆ ಎಷ್ಟು ಆಂಪಿಯರ್ ಇದೆಯೋ ಅದನ್ನು 12ರಿಂದ ಗುಣಿಸಬೇಕು. 25 ಆಂಪಿಯರ್ ಎಂದಿದ್ದರೆ ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ನಿಜವಾಗಿ ಸಿಗುವುದು 300 ವ್ಯಾಟ್ ಮಾತ್ರ, ಮೇಲೆ 500 ಎಂದು ಬರೆದಿದ್ದರೂ ಅಷ್ಟೇ. ಒಳ್ಳೆಯ 550 ವ್ಯಾಟಿನದರಲ್ಲಿ ಅದು 45 ಆಂಪಿಯರಿನ ಸುತ್ತಮುತ್ತ ಇರುತ್ತದೆ. 80 ಪ್ಲಸ್ ಬ್ರಾಂಜ್ ಎಂಬ ಮುದ್ರೆ ಎಷ್ಟು ವಿದ್ಯುತ್ ಪೋಲಾಗದೆ ಬಳಕೆಯಾಗುತ್ತದೆ ಎಂಬುದನ್ನಷ್ಟೇ ಹೇಳುತ್ತದೆ, ಹೆಚ್ಚು ವೋಲ್ಟೇಜ್ ಮತ್ತು ಶಾರ್ಟ್ ಸರ್ಕ್ಯೂಟಿನಿಂದ ರಕ್ಷಣೆ ಇದೆಯೇ ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕು. ಐದು ವರ್ಷದ ವಾರಂಟಿ ಇರುವುದನ್ನೇ ಕೊಳ್ಳು.

ಎರಡನೆಯದು ಅರ್ಥಿಂಗ್. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಮೇಲಿನ ಪಿನ್ನಿಗೆ ತಂತಿಯೇ ಇರುವುದಿಲ್ಲ. ಕ್ಯಾಬಿನೆಟ್ಟಿನ ತಗಡನ್ನು ಬರಿಗಾಲಲ್ಲಿ ನಿಂತು ಮುಟ್ಟಿದಾಗ ಬೆರಳು ಜುಮ್ಮೆಂದರೆ ಅದೇ ಕಾರಣವೆಂದು ತಿಳಿ. ಬಿಡಿಭಾಗಗಳನ್ನು ತರುವ ಮುಂಚೆಯೇ ವೈರಿಂಗ್ ಮಾಡುವವರನ್ನು ಕರೆಸಿ ಸರಿಪಡಿಸಿಕೋ.

ಬೀದರ್ ಕೋಟೆ

ಭೀಮಾತೀರ ಅಣ್ಣನವರ ಮಾತಿಗೆ ನನ್ನ ಸಹಮತವಿದೆ. ನಾನು ಪ್ರೊಸೆಸರ್ ವಿಷಯಕ್ಕೆ ಬರುತ್ತೇನೆ. 12400ಎಫ್ ಕೆಟ್ಟ ಪ್ರೊಸೆಸರ್ ಅಲ್ಲ, ಆರು ಕೋರ್ ಇರುವ ಅದು ಇಂದಿಗೂ ಆಟಗಳನ್ನು ಚೆನ್ನಾಗಿ ನಡೆಸುತ್ತದೆ. ಆದರೆ ಹೆಸರಿನ ಕೊನೆಯ ಎಫ್ ಎಂದರೆ ಅದರೊಳಗೆ ಚಿತ್ರ ಮೂಡಿಸುವ ಭಾಗವಿಲ್ಲವೆಂದು ಅರ್ಥ. ನಮ್ಮ ಕಡೆ ಗ್ರಾಫಿಕ್ಸ್ ಕಾರ್ಡ್ ಕೆಟ್ಟರೆ ಅದನ್ನು ಹೈದರಾಬಾದಿಗೋ ಬೆಂಗಳೂರಿಗೋ ಕಳಿಸಿ ವಾರಗಟ್ಟಲೆ ಕಾಯಬೇಕಾಗುತ್ತದೆ. ಅಷ್ಟು ದಿನ ನಿಮ್ಮ ಪರದೆ ಕಪ್ಪಾಗಿಯೇ ಇರುತ್ತದೆ, ಕಾಲೇಜಿನ ಕೆಲಸವೂ ನಿಲ್ಲುತ್ತದೆ. ಎಎಂಡಿ ಕಂಪನಿಯ ರೈಝನ್ 5 7600 ಪ್ರೊಸೆಸರಿನಲ್ಲಿ ಚಿಕ್ಕದಾದರೂ ಸ್ವಂತ ಗ್ರಾಫಿಕ್ಸ್ ಇದೆ. ಆಟಕ್ಕೆ ಅದು ಸಾಲದು, ಪ್ರೋಗ್ರಾಮ್ ಬರೆಯಲು ಧಾರಾಳವಾಗಿ ಸಾಕು. ಮಹಾನಗರದವರ ಪಟ್ಟಿಯಲ್ಲಿ ಈ ವಿಚಾರ ಬರುವುದೇ ಇಲ್ಲ, ನಮಗೆ ಮಾತ್ರ ಇದು ಮುಖ್ಯ.

ಇನ್ನೊಂದು ಕಾರಣವೂ ಇದೆ. ಮದರ್‌ಬೋರ್ಡಿನಲ್ಲಿ 12400ಎಫ್ ಕೂರುವ ಎಲ್‌ಜಿಎ 1700 ಸಾಕೆಟ್ ಇಂಟೆಲ್‌ನ 14ನೆಯ ಪೀಳಿಗೆಯ ಪ್ರೊಸೆಸರ್‌ಗಳಿಗೆ ಮುಗಿದುಹೋಯಿತು, 7600 ಕೂರುವ ಎಎಂ5 ಸಾಕೆಟ್ಟಿಗೆ ಹೊಸ ಪ್ರೊಸೆಸರ್‌ಗಳು ಬಂದಿವೆ. ನಾಲ್ಕು ವರ್ಷದ ಮೇಲೆ ನೌಕರಿ ಸಿಕ್ಕಾಗ ಪ್ರೊಸೆಸರ್ ಒಂದನ್ನೇ ಬದಲಿಸಿ ಮುಂದುವರಿಯಬಹುದು.

ರ‍್ಯಾಮ್ 16 ಜಿಬಿಯದು ಒಂದೇ ಬೇಡ, 8ರ ಎರಡು ಇರಲಿ, ಆಗ ಎರಡು ದಾರಿಯಲ್ಲಿ ಒಟ್ಟಿಗೆ ಮಾಹಿತಿ ಹರಿಯುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿರುವುದರಿಂದ 32 ಜಿಬಿಯ ಆಸೆಯನ್ನು ಸದ್ಯಕ್ಕೆ ಬಿಡುವುದು ಒಳ್ಳೆಯದು. ಲಿಕ್ವಿಡ್ ಕೂಲರ್ ಕೈಬಿಟ್ಟರೆ ಉಳಿಯುವ ಹಣವನ್ನು 1 ಟಿಬಿ ಎಸ್‌ಎಸ್‌ಡಿಗೆ ಹಾಕಿ. ಕಾರ್ಡ್ ವಿಷಯದಲ್ಲಿ 4060 ನಿಮ್ಮ ಬಳಕೆಗೆ ಸಾಕು, 115 ವ್ಯಾಟಿನಲ್ಲೇ ನಡೆಯುತ್ತದೆ. ಅದರ ಬದಲು ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಕಾರ್ಡ್ ನೋಡುವುದಾದರೆ ಅದು 8 ಮತ್ತು 16 ಜಿಬಿ ಎಂದು ಎರಡು ಬಗೆಯಲ್ಲಿ ಒಂದೇ ಹೆಸರಿನಲ್ಲಿ ಬರುತ್ತದೆ, ಬಿಲ್ಲಿನಲ್ಲಿ ಯಾವುದೆಂದು ಬರೆಸಿಕೊಳ್ಳಿ.

ಸೇಡಂ ರಸ್ತೆ

ಬಿಸಿಲಿನ ಬಗ್ಗೆ ಒಂದು ಮಾತು. ಯಾವ ಕೂಲರೂ ಕೋಣೆಯ ಗಾಳಿಗಿಂತ ತಂಪಾಗಿ ಪ್ರೊಸೆಸರನ್ನು ಇಡಲಾರದು. ಕೋಣೆಯೇ 42 ಡಿಗ್ರಿ ಇದ್ದಾಗ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. ಗಾಜಿನ ಮುಂಭಾಗವಿದ್ದರೆ ಫ್ಯಾನುಗಳು ಅಂಚಿನ ಸಂದಿಯಿಂದಷ್ಟೇ ಗಾಳಿ ಎಳೆಯಬೇಕಾಗುತ್ತದೆ. ಮುಂದೆ ಜಾಳಿಗೆ ಇರುವ ಕ್ಯಾಬಿನೆಟ್, ಒಳಗೆ ತಳ್ಳುವ ಎರಡು ಫ್ಯಾನು, ಹಿಂದೆ ಹೊರಗೆ ಎಳೆಯುವ ಒಂದು ಫ್ಯಾನು, ಇಷ್ಟಿದ್ದರೆ ಸಾಕು. ಒಳಗೆ ಬರುವ ಗಾಳಿ ಹೆಚ್ಚಿದ್ದಾಗ ಧೂಳು ಸಂದುಗೊಂದುಗಳಿಂದ ನುಗ್ಗದೆ ಜಾಳಿಗೆಯಲ್ಲೇ ನಿಲ್ಲುತ್ತದೆ.

ನಮ್ಮ ಎರೆಮಣ್ಣಿನ ಧೂಳು ಹಿಟ್ಟಿನಂತೆ ನುಣುಪಾಗಿರುತ್ತದೆ. ನನ್ನ ಕ್ಯಾಬಿನೆಟ್ಟಿನ ಜಾಳಿಗೆಯನ್ನು ಎರಡು ತಿಂಗಳಿಗೊಮ್ಮೆ ಬಿಚ್ಚಿ ತೊಳೆದರೆ ನೀರು ಹೊಲದ ಕಾಲುವೆಯ ನೀರಿನಂತೆ ಕಪ್ಪಾಗಿ ಇಳಿಯುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ, ಗಾಳಿಯ ರಭಸಕ್ಕೆ ಅತಿಯಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಕೋಣೆಯಲ್ಲಿ ನೀರಿನ ಏರ್‌ಕೂಲರ್ ಇದ್ದರೆ ಅದರ ಗಾಳಿಗೆ ನೇರವಾಗಿ ಕಂಪ್ಯೂಟರನ್ನು ಇಡಬೇಡಿ, ತೇವದ ಜೊತೆ ಹನಿಗಳೂ ಸಿಡಿಯುತ್ತವೆ.

ತೊಗರಿಹೊಲ

ಎಲ್ಲರಿಗೂ ಅನಂತ ಧನ್ಯವಾದಗಳು. ನಿನ್ನೆ ಸಾಕೆಟ್ ಬಿಚ್ಚಿಸಿ ನೋಡಿದೆವು. ಭೀಮಾತೀರ ಅಣ್ಣ ಹೇಳಿದಂತೆ ಅರ್ಥ್ ತಂತಿ ಇರಲೇ ಇಲ್ಲ. ಅಪ್ಪ ಈ ವಾರವೇ ಹಿತ್ತಲಲ್ಲಿ ಗುಂಡಿ ತೋಡಿಸಿ ಅರ್ಥಿಂಗ್ ಮಾಡಿಸುತ್ತಿದ್ದಾರೆ. ಪ್ರೊಸೆಸರ್ 7600 ಎಂದು ನಿಶ್ಚಯಿಸಿದೆ. ಯುಪಿಎಸ್ 600 ವಿಎ ಸಾಕೇ? ಜೋಡಿಸುವಾಗ ಮೊದಲ ಸಲದವರು ಎಲ್ಲಿ ಎಡವುತ್ತಾರೆ?

ಭೀಮಾತೀರ

600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಆಟದ ನಡುವೆ ನಿನ್ನ ಯಂತ್ರವೂ ಮಾನಿಟರೂ ಸೇರಿ 300ರ ಹತ್ತಿರ ಹೋಗುವುದರಿಂದ 1000 ವಿಎಯದೇ ಇರಲಿ, ಬ್ಯಾಟರಿಗೂ ಒತ್ತಡ ಕಡಿಮೆಯಾಗುತ್ತದೆ.

ಎರಡು ರ‍್ಯಾಮ್‌ಗಳನ್ನು ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕು. ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿಗೆ ಚುಚ್ಚದೆ ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚು, ಆಮೇಲೆ ವಿಂಡೋಸ್ ಸೆಟ್ಟಿಂಗಿನಲ್ಲಿ 60 ಹರ್ಟ್ಸ್ ಎಂದಿರುವುದನ್ನು ನಿನ್ನ ಮಾನಿಟರಿನ ಪೂರ್ತಿ ವೇಗಕ್ಕೆ ಬದಲಿಸು. ವ್ಯಾಲರಂಟ್ ವಿಂಡೋಸ್ 11ರಲ್ಲಿ ನಡೆಯಲು ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್ ಪರದೆ) ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎಂಬ ಎರಡೂ ಸುರಕ್ಷತೆಯ ಆಯ್ಕೆಗಳು ಆನ್ ಆಗಿರಬೇಕು. ಮೊದಲ ಸಲ ಬಟನ್ ಒತ್ತಿದಾಗ ಫ್ಯಾನುಗಳು ತಿರುಗುತ್ತಿದ್ದರೂ ಪರದೆ ಕೆಲವು ನಿಮಿಷ ಕಪ್ಪಾಗಿರಬಹುದು. ಡಿಡಿಆರ್5 ರ‍್ಯಾಮನ್ನು ಮದರ್‌ಬೋರ್ಡ್ ಆಗ ಪರೀಕ್ಷಿಸಿ ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಸ್ವಿಚ್ ಆಫ್ ಮಾಡಬೇಡ, ಹತ್ತು ನಿಮಿಷ ಕಾದು ನೋಡು.