ನಾರ್ತ್ ಕೆರೊಲಿನಾದಲ್ಲಿ ಹುರಿದ ಬೀಜ ನಮ್ಮ ಫಿಲ್ಟರಿಗೆ ಒಗ್ಗುತ್ತದೆಯೇ?

ಕ್ಯಾರಿ ನಿವಾಸಿ:
ಎಲ್ಲರಿಗೂ ನಮಸ್ಕಾರ. ಹಾಸನದಿಂದ ನಾರ್ತ್ ಕೆರೊಲಿನಾದ ಕ್ಯಾರಿ ಊರಿಗೆ ಬಂದು ಎರಡು ವರ್ಷವಾಯಿತು. ಊರಿನಿಂದ ತಂದಿದ್ದ ಪುಡಿ ಮುಗಿದ ಮೇಲೆ, ಇಲ್ಲಿನ ಸಣ್ಣ ಹುರಿಗಾರರೊಬ್ಬರಿಂದ ಇಥಿಯೋಪಿಯಾದ ಬೀಜ ಕೊಂಡು, ಮನೆಯಲ್ಲೇ ಪುಡಿ ಮಾಡಿ ಹಿತ್ತಾಳೆಯ ಫಿಲ್ಟರಿಗೆ ಹಾಕಿದೆ. ಡಿಕಾಕ್ಷನ್ ತಿಳಿಸಾರಿನಂತೆ ಇಳಿಯಿತು. ಹಾಲು ಬೆರೆಸಿದರೆ ನಿಂಬೆಹಣ್ಣು ಹಿಂಡಿದಂತಹ ಹುಳಿ. ಅಂಗಡಿಯವರಾದರೋ ಆ ಹುಳಿಯನ್ನೇ ಬಹಳ ಹೊಗಳಿ ಮಾರಿದ್ದರು. ತಪ್ಪು ಬೀಜದ್ದೋ, ಹುರಿದ ಹದದ್ದೋ, ನನ್ನದೋ? ಈ ರಾಜ್ಯದಲ್ಲಿ ಸ್ವತಂತ್ರವಾಗಿ ಹುರಿಯುವವರಲ್ಲಿ ಯಾರ ಕಾಫಿ ನಮ್ಮ ಲೋಟಕ್ಕೆ ಹೊಂದೀತು?

ಡರ್ಹಮ್ ಕನ್ನಡಿಗ:
ತಪ್ಪು ಯಾರದೂ ಅಲ್ಲ, ಹದ ಬೇರೆ. ಬೀಜ ಸುಮಾರು 195 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮೊದಲ ಬಾರಿ ಚಟಪಟನೆ ಸಿಡಿಯುತ್ತದೆ. ಇಲ್ಲಿನವರಲ್ಲಿ ಹೆಚ್ಚಿನವರು ಅದಾದ ಸ್ವಲ್ಪ ಹೊತ್ತಿಗೇ ಬೀಜವನ್ನು ಇಳಿಸಿಬಿಡುತ್ತಾರೆ, ಏಕೆಂದರೆ ಆ ತೋಟದ, ಆ ತಳಿಯ ಹಣ್ಣಿನ ಪರಿಮಳ ಉಳಿಯಬೇಕೆಂಬುದೇ ಅವರ ಉದ್ದೇಶ. ಆ ಹುಳಿ ಹಾಲಿಲ್ಲದ ಕಾಫಿಗೆ ಸೊಗಸು, ನಮ್ಮ ಹಾಲಿಗೆ ಶತ್ರು.

1995ರಲ್ಲಿ ಡರ್ಹಮ್‌ನಲ್ಲಿ ಆರಂಭವಾದ ಕೌಂಟರ್ ಕಲ್ಚರ್ ಎಂಬ ಹುರಿಗಾರ ಸಂಸ್ಥೆ ಈ ಪರಂಪರೆಗೆ ಇಲ್ಲಿ ಬುನಾದಿ ಹಾಕಿತೆನ್ನಬಹುದು. ಬೀಜ ಮಾರುವುದರ ಜೊತೆಗೆ ಕಾಫಿ ಮಾಡುವವರಿಗೆ ತರಬೇತಿ ಕೇಂದ್ರಗಳನ್ನು ನಡೆಸಿದ್ದರಿಂದ, ಅಲ್ಲಿ ಪಳಗಿದವರು ತಾವೇ ಹುರಿಯಲು ತೊಡಗಿದರು. ಅಲ್ಲಿ ಕೆಲಸ ಮಾಡಿದ್ದ ಲೆಮ್ ಬಟ್ಲರ್ 2016ರಲ್ಲಿ ಅಮೆರಿಕದ ಬರಿಸ್ತಾ (ಅಂಗಡಿಯಲ್ಲಿ ಕಾಫಿ ಮಾಡಿಕೊಡುವವರು) ಚಾಂಪಿಯನ್ ಆದರು. ಮರುವರ್ಷ ಆ ಪಟ್ಟ ಗೆದ್ದ ಕೈಲ್ ರಾಮೇಜ್ ಜೊತೆಗೂಡಿ ಇದೇ ರಾಜ್ಯದ ವೇಕ್ ಫಾರೆಸ್ಟ್‌ನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಎಂಬ ಹುರಿಗಾರ ಸಂಸ್ಥೆ ತೆರೆದರು. ಹಣ್ಣನ್ನು ಬಗೆಬಗೆಯಾಗಿ ಹುದುಗು ಬರಿಸಿದ ಅವರ ಕಾಫಿಗಳನ್ನು ದಯವಿಟ್ಟು ಹಾಲಿಲ್ಲದೆ ಕುಡಿಯಿರಿ. ಡರ್ಹಮ್‌ನದೇ ಆದ ಲಿಟಲ್ ವೇವ್ಸ್, 2022ರಲ್ಲಿ ಕಾಫಿ ಹುರಿಗಾರರ ರೋಸ್ಟ್ ಪತ್ರಿಕೆಯಿಂದ ವರ್ಷದ ಸಣ್ಣ ಹುರಿಗಾರರೆಂಬ ಮನ್ನಣೆ ಪಡೆಯಿತು. ನಿಮ್ಮ ಫಿಲ್ಟರಿಗೆ ನನ್ನ ಸಲಹೆ ಕೌಂಟರ್ ಕಲ್ಚರ್‌ನ ಬಿಗ್ ಟ್ರಬಲ್ (ಅಂದರೆ ‘ದೊಡ್ಡ ತೊಂದರೆ’) ಎಂಬ ಕಾಫಿ. ಹೆಸರು ಹಾಗಿದ್ದರೂ ಹುಳಿ ಕಡಿಮೆ, ಚಾಕೊಲೇಟಿನ ಛಾಯೆ ಇದೆ.

ಮೂಡಿಗೆರೆ ಬೆಳೆಗಾರ:
ಹದದಷ್ಟೇ ಮುಖ್ಯವಾದ ಒಂದು ಸಂಗತಿಯನ್ನು ಸೇರಿಸಬೇಕು. ಇಲ್ಲಿನ ಸ್ಪೆಷಾಲಿಟಿ (ಆಯ್ದ ಉತ್ತಮ ಬೀಜದ) ಹುರಿಗಾರರು ಬಳಸುವುದು ಬಹುಮಟ್ಟಿಗೆ ಅರೇಬಿಕಾ ಮಾತ್ರ. ನಮ್ಮ ಊರಿನ ಅಂಗಡಿಯ ಪುಡಿಯಲ್ಲಿ ಎಷ್ಟೋ ಸಲ ರೋಬಸ್ಟಾ ಸೇರಿರುತ್ತದೆ, ಜೊತೆಗೆ ಚಿಕೋರಿ, ಅಂದರೆ ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ. ರೋಬಸ್ಟಾ ಕಹಿಯನ್ನೂ ಗಟ್ಟಿತನವನ್ನೂ ಕೊಡುತ್ತದೆ. ಚಿಕೋರಿ ನೀರನ್ನು ಹೀರಿ ಉಬ್ಬಿ ಡಿಕಾಕ್ಷನ್ ನಿಧಾನವಾಗಿ ಇಳಿಯುವಂತೆ ಮಾಡುತ್ತದೆ. ಇವೆರಡೂ ಇಲ್ಲದ ಪುಡಿಯ ಮೇಲೆ ಬಿಸಿನೀರು ಸುರಿದರೆ ಅದು ಸರಸರನೆ ಕೆಳಗಿಳಿಯದೆ ಇನ್ನೇನು ಮಾಡೀತು? ಚಿಕೋರಿಯನ್ನು ಪ್ರತ್ಯೇಕವಾಗಿ ಕೊಳ್ಳಿರಿ. ಇಲ್ಲಿನ ಲೂಸಿಯಾನಾ ರಾಜ್ಯದವರಿಗೂ ಅದರ ಚಟವಿರುವುದರಿಂದ ಈ ದೇಶದಲ್ಲಿ ಸಿಗುವುದು ಕಷ್ಟವಲ್ಲ.

ಇಷ್ಟೆಲ್ಲ ಹೇಳಿದರೂ, ಬೆಳೆಗಾರನ ಮನೆಯವನಾಗಿ ಇಲ್ಲಿನವರಲ್ಲಿ ನನಗೆ ಮೆಚ್ಚುಗೆಯಾದ ವಿಷಯವೊಂದಿದೆ. ಚೀಲದ ಮೇಲೆ ತೋಟದ ಹೆಸರು, ತಳಿ, ಸಂಸ್ಕರಣೆಯ ಬಗೆ, ಹುರಿದ ದಿನಾಂಕ ಎಲ್ಲವೂ ಇರುತ್ತವೆ. ನಮ್ಮ ತೋಟದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ ಬೀಜ) ಡಿಪೋ ತಲುಪಿದ ಮೇಲೆ ಯಾವ ರಾಶಿಗೆ ಸೇರಿತೆಂದು ಅಪ್ಪನಿಗೆ ಎಂದೂ ತಿಳಿಯುತ್ತಿರಲಿಲ್ಲ.

ಕ್ಯಾರಿ ನಿವಾಸಿ:
ಇಬ್ಬರಿಗೂ ಧನ್ಯವಾದಗಳು. ಬಿಗ್ ಟ್ರಬಲ್ ತಂದು, ನಾಲ್ಕು ಚಮಚಕ್ಕೆ ಒಂದು ಚಮಚ ಚಿಕೋರಿ ಬೆರೆಸಿ, ಪುಡಿಯನ್ನು ಇನ್ನಷ್ಟು ನುಣ್ಣಗೆ ಮಾಡಿ ರಾತ್ರಿಯೇ ಹಾಕಿಟ್ಟೆ. ಬೆಳಿಗ್ಗೆ ಡಿಕಾಕ್ಷನ್ ಕಪ್ಪಗೆ, ಮಂದವಾಗಿ ಇಳಿದಿತ್ತು. ನಮ್ಮ ಅತ್ತೆಯವರು ಒಂದು ಗುಟುಕು ಕುಡಿದು, ಸಕ್ಕರೆ ಸಾಲದು ಎಂದರೇ ಹೊರತು ಕಾಫಿಯನ್ನು ದೂರಲಿಲ್ಲ. ಮಿಕ್ಕ ಇಥಿಯೋಪಿಯಾ ಬೀಜವನ್ನು ಹಾಲಿಲ್ಲದೆ ಸೋಸಿ ಕುಡಿಯುತ್ತಿದ್ದೇನೆ. ಕಾಫಿ ಎಂಬುದನ್ನು ಮರೆತರೆ ಚೆನ್ನಾಗಿಯೇ ಇದೆ.