ಉದ್ದ ಆದಮೇಲೆ ಪಿರುಯೆಟ್ ಬರುತ್ತಿಲ್ಲ, ಪಾಯಿಂಟ್ ಶೂ ಕೂಡ ಸಿಗಲಿಲ್ಲ. ಏನು ಮಾಡಲಿ?

ಬಾರ್_ತುದಿಯವಳು:

ನನಗೆ 13 ವರ್ಷ. ಚಿಕ್ಕಂದಿನಿಂದ ಬ್ಯಾಲೆ ಕಲಿಯುತ್ತಿದ್ದೇನೆ. ಈಚೆಗೆ ಇದ್ದಕ್ಕಿದ್ದಂತೆ ತುಂಬ ಉದ್ದ ಆಗಿಬಿಟ್ಟೆ. ಮೊದಲು ಡಬಲ್ ಪಿರುಯೆಟ್ (ಒಂದೇ ಕಾಲಲ್ಲಿ ನಿಂತು ಎರಡು ಸುತ್ತು) ಸಲೀಸಾಗಿ ಬರುತ್ತಿತ್ತು. ಈಗ ಒಂದು ಸುತ್ತು ಮುಗಿಯುವಷ್ಟರಲ್ಲೇ ಹಿಂದಕ್ಕೆ ವಾಲುತ್ತೇನೆ. ಬಗ್ಗಿದರೆ ತೊಡೆಯ ಹಿಂಭಾಗ ಬಿಗಿ ಹಿಡಿಯುತ್ತದೆ. ಒಂದು ಕಾಲಲ್ಲಿ ನಿಂತು ಇನ್ನೊಂದನ್ನು ಹಿಂದಕ್ಕೆ ಎತ್ತುವ ಅರಬೆಸ್ಕ್‌ನಲ್ಲಿ ಕಾಲು ಮೊದಲಿನಷ್ಟು ಮೇಲೆ ಹೋಗುವುದೇ ಇಲ್ಲ.

ಹೋದ ವಾರ ನಮ್ಮ ಕ್ಲಾಸಿನ ಕೆಲವರಿಗೆ ಪಾಯಿಂಟ್ ಶೂ (ಬೆರಳ ತುದಿಯಲ್ಲಿ ನಿಂತು ಕುಣಿಯುವ ಗಟ್ಟಿ ಶೂ) ತೆಗೆದುಕೊಳ್ಳಿ ಅಂತ ಟೀಚರ್ ಹೇಳಿದರು. ನನಗೆ ಮಾತ್ರ 'ಇನ್ನೂ ಸ್ವಲ್ಪ ಕಾಯಿ' ಅಂದರು. ಶೂ ಸಿಕ್ಕವರಲ್ಲಿ ನನಗಿಂತ ಚಿಕ್ಕವರೂ ಇದ್ದಾರೆ. ಕ್ಲಾಸಿನ ಕೊನೆಯಲ್ಲಿ ಅವರು ಹೊಸ ಶೂ ಹಾಕಿಕೊಂಡು ಗೋಡೆ ಪಕ್ಕದ ಬಾರ್ (ಕಂಬಿ) ಹಿಡಿದು ನಿಲ್ಲುತ್ತಾರೆ. ನಾನು ಪಕ್ಕದಲ್ಲೇ ಮೆತ್ತನೆ ಶೂನಲ್ಲಿ ಅದೇ ರೆಲೆವೇ (ಹಿಮ್ಮಡಿ ಎತ್ತಿ ಏರುವುದು) ಮಾಡುತ್ತಿರುತ್ತೇನೆ. ಅವರ ಶೂ ಟಕ್ ಟಕ್ ಅನ್ನುವಾಗ ಅಳು ಬರುತ್ತದೆ.

ಸೀನಿಯರ್ ಅಕ್ಕ ಒಬ್ಬರು ತಮ್ಮ ಹಳೇ ಪಾಯಿಂಟ್ ಶೂ ಕೊಡುತ್ತೇನೆ ಅಂದಿದ್ದಾರೆ. ಮನೆಯಲ್ಲೇ ಹಾಕಿ ಅಭ್ಯಾಸ ಮಾಡಬಹುದಾ? 13ಕ್ಕೆ ಪಾಯಿಂಟ್ ಶುರು ಆಗದಿದ್ದರೆ ತಡ ಆಯಿತು ಅಂತಲೇ ಅರ್ಥವಾ?

ಜಿಗಿಯುವ_ಹುಡುಗ:

ತಡ ಅನ್ನುವ ಮಾತು ತಲೆಯಿಂದ ತೆಗೆದುಹಾಕು. ಮಿಸ್ಟಿ ಕೋಪ್‌ಲ್ಯಾಂಡ್ ಅನ್ನುವ ಅಮೆರಿಕದ ನರ್ತಕಿ ಬ್ಯಾಲೆ ಕಲಿಯಲು ಶುರು ಮಾಡಿದ್ದೇ 13ನೇ ವಯಸ್ಸಿನಲ್ಲಿ. 2015ರಲ್ಲಿ ಅವರು ಅಮೆರಿಕನ್ ಬ್ಯಾಲೆ ಥಿಯೇಟರ್‌ನ ಪ್ರಿನ್ಸಿಪಲ್ ಡಾನ್ಸರ್, ಅಂದರೆ ತಂಡದ ಅತ್ಯುನ್ನತ ದರ್ಜೆಯ ನರ್ತಕಿ ಆದರು. ನಾನು ಹುಡುಗ, ನನಗೆ ಪಾಯಿಂಟ್ ಚಿಂತೆ ಇಲ್ಲ. ಆದರೆ ಉದ್ದ ಆಗುವಾಗ ನನ್ನ ಸುತ್ತುಗಳೂ ಹೀಗೇ ಕೆಟ್ಟಿದ್ದವು. ಆಮೇಲೆ ಬಂದವು.

ಹಳೇ_ರಿಬ್ಬನ್:

ಪುಟ್ಟಾ, ಮೊದಲು ಆ ಶೂ ವಿಷಯ. ದಯವಿಟ್ಟು ಹಾಕಬೇಡ.

ನಾನು ಬಹಳ ವರ್ಷ ವೇದಿಕೆಯಲ್ಲಿ ಕುಣಿದವಳು. ಈಗ ನಿನ್ನ ವಯಸ್ಸಿನವರಿಗೆ ಕಲಿಸುತ್ತೇನೆ. ಪಾಯಿಂಟ್ ಶೂ ಒಳಗೆ ಏನಿದೆ ನೋಡು. ಬೆರಳು ಕೂರುವ ಬಾಕ್ಸ್ ಅಂದರೆ ಬಟ್ಟೆ, ಕಾಗದ, ಅಂಟು ಇವುಗಳ ಪದರ. ಪಾದದ ಕೆಳಗೆ ಶ್ಯಾಂಕ್ ಅನ್ನುವ ಗಟ್ಟಿ ಪಟ್ಟಿ. ಬೆವರು, ಬಿಸಿ ತಾಗುತ್ತಾ ಅಂಟು ಮೆತ್ತಗಾಗುತ್ತದೆ, ಶ್ಯಾಂಕ್ ಹಾಕಿಕೊಂಡವರ ಪಾದಕ್ಕೆ ತಕ್ಕಂತೆ ಬಾಗುತ್ತದೆ. ದೊಡ್ಡ ಡಾನ್ಸರ್‌ಗಳು ಕೆಲವೊಮ್ಮೆ ಒಂದೇ ಪ್ರದರ್ಶನದಲ್ಲಿ ಒಂದು ಜೊತೆ ಮುಗಿಸುತ್ತಾರೆ. ಹಾಗಾಗಿ ಹಳೇ ಶೂ ಅಂದರೆ ಆಧಾರ ಹೋಗಿರುವ ಶೂ. ಉಳಿದ ಆಕಾರವೂ ಆ ಅಕ್ಕನ ಪಾದದ್ದು, ನಿನ್ನದಲ್ಲ. ಇಡೀ ಮೈಯ ಭಾರ ನಿನ್ನ ಬೆರಳ ತುದಿಗೆ ಬೀಳುತ್ತದೆ. ನಿನ್ನ ವಯಸ್ಸಲ್ಲಿ ಪಾದದ ಮೂಳೆಗಳು ಇನ್ನೂ ಬೆಳೆಯುತ್ತಿರುತ್ತವೆ. ನೋಡಿಕೊಳ್ಳುವವರು ಯಾರೂ ಇಲ್ಲದೆ ಮನೆಯಲ್ಲಿ ಆ ಭಾರ ಹಾಕುವುದು ಬೇಡ.

ಈಗ ಪಿರುಯೆಟ್. ನಿನ್ನ ಪ್ರತಿಭೆ ಎಲ್ಲಿಗೂ ಹೋಗಿಲ್ಲ. ಕಾಲಿನ ಮೂಳೆ ಬೇಗ ಉದ್ದವಾಗುತ್ತದೆ, ಸ್ನಾಯು ಆಮೇಲೆ ಅದಕ್ಕೆ ಹೊಂದಿಕೊಳ್ಳುತ್ತದೆ. ಆ ನಡುವಿನ ಕಾಲದಲ್ಲಿ ತೊಡೆಯ ಹಿಂಭಾಗ ಬಿಗಿದು ಬಗ್ಗುವುದು ಕಷ್ಟವಾಗುತ್ತದೆ, ಸೊಂಟದ ಮುಂಭಾಗ ಬಿಗಿದರೆ ಅರಬೆಸ್ಕ್‌ನಲ್ಲಿ ಕಾಲು ಮೇಲೆ ಬರುವುದಿಲ್ಲ. ಸಮತೋಲದ ಲೆಕ್ಕವೂ ಬದಲಾಗುತ್ತದೆ. ರೂಢಿಯಾದ ಸೈಕಲ್ ಬಿಟ್ಟು ದೊಡ್ಡ ಸೈಕಲ್ ಹತ್ತಿದ ಹಾಗೆ. ಹಿಂದಕ್ಕೆ ವಾಲುತ್ತೇನೆ ಅಂದೆಯಲ್ಲ, ಸಾಮಾನ್ಯವಾಗಿ ಪಕ್ಕೆಲುಬು ಮುಂದೆ ಉಬ್ಬಿ ಭುಜ ಹಿಂದೆ ಹೋದಾಗ ಹೀಗಾಗುತ್ತದೆ. ಸುತ್ತುವುದನ್ನು ಸ್ವಲ್ಪ ದಿನ ಬಿಡು. ಪ್ಲಿಯೇಯಿಂದ (ಮೊಣಕಾಲು ಬಗ್ಗಿಸಿದ ನಿಲುವು) ಎದ್ದು ಪಾಸೇಯಲ್ಲಿ (ಒಂದು ಪಾದ ಇನ್ನೊಂದು ಮೊಣಕಾಲಿನ ಹತ್ತಿರ) ಸುಮ್ನೆ ನಿಲ್ಲು. ಬಾರ್‌ನಿಂದ ಕೈ ಬಿಟ್ಟು ನಿಂತಲ್ಲೇ ಉಸಿರಾಡು. ಆಮೇಲೆ ಕಾಲುಭಾಗ ಸುತ್ತು, ಅರ್ಧ ಸುತ್ತು, ಪೂರ್ತಿ ಸುತ್ತು.

ಕಾಲು ಮೇಲೆ ಬರಲಿಲ್ಲ ಅಂತ ಬೇರೆಯವರ ಕೈಯಲ್ಲಿ ಒತ್ತಿಸಿಕೊಳ್ಳಬೇಡ. ಟರ್ನ್‌ಔಟ್, ಅಂದರೆ ಕಾಲನ್ನು ಹೊರಕ್ಕೆ ತಿರುಗಿಸುವುದು ಕೂಡ ಹಾಗೇ. ಅದು ಸೊಂಟದ ಕೀಲಿನಿಂದ ಬರಬೇಕು. ಪಾದವನ್ನು ನೆಲಕ್ಕೆ ಒತ್ತಿ ಜಾಸ್ತಿ ತಿರುಗಿಸಿದರೆ ಮೊಣಕಾಲು ತಿರುಚುತ್ತದೆ, ಪಾದದ ಕಮಾನು ಒಳಗೆ ಕುಸಿಯುತ್ತದೆ. ಪ್ಲಿಯೇ ಮಾಡುವಾಗ ಮೊಣಕಾಲು ಬೆರಳುಗಳ ಮೇಲೆಯೇ ಬರುತ್ತದಾ ಅಂತ ನೋಡಿಕೋ.

ಇನ್ನೊಂದು ಮಾತು, ಇದು ನನಗೆ ತುಂಬ ಮುಖ್ಯ. ಉದ್ದ ಆಗುವಾಗ ಮೈ ತುಂಬಿಕೊಳ್ಳುತ್ತದೆ. ಕನ್ನಡಿಯ ಮುಂದೆ ದಿನವೂ ನಿಲ್ಲುವವರಿಗೆ ಅದು ಬೇಗ ಕಣ್ಣಿಗೆ ಬೀಳುತ್ತದೆ. ಅದಕ್ಕಾಗಿ ಊಟ ಕಡಿಮೆ ಮಾಡಬೇಡ. ಬೆಳೆಯುವ ಮೂಳೆಗೆ ಊಟ ಬೇಕೇ ಬೇಕು. ಮುಟ್ಟು ಶುರುವಾದಮೇಲೆ ತಿಂಗಳುಗಟ್ಟಲೆ ನಿಂತರೆ ಮನೆಯಲ್ಲಿ ಹೇಳಿ ಡಾಕ್ಟರ್ ಹತ್ತಿರ ಹೋಗು, ಮುಚ್ಚಿಡಬೇಡ.

ಪಾದ_ನೋಡುವವರು:

ನಾನು ಫಿಸಿಯೋಥೆರಪಿಸ್ಟ್. ಪಾಯಿಂಟ್‌ಗೆ ವಯಸ್ಸೊಂದೇ ಅಳತೆ ಅಲ್ಲ. ಪಾದ ಚಾಚಿದಾಗ ಅದರ ಮೇಲ್ಭಾಗ ಮೊಣಕಾಲಿನ ಕೆಳಗಿನ ಮೂಳೆಯ ಗೆರೆಗೆ ಬರುತ್ತದಾ, ಒಂದೇ ಕಾಲಿನಲ್ಲಿ ಮತ್ತೆ ಮತ್ತೆ ರೆಲೆವೇ ಮಾಡಿದರೂ ಹಿಮ್ಮಡಿ ಅದೇ ಎತ್ತರ ಮುಟ್ಟುತ್ತದಾ, ಸೊಂಟ ಅಲುಗಾಡದೆ ನಿಲ್ಲುತ್ತದಾ ಅಂತ ನೋಡುತ್ತೇವೆ. ಪಾದ ಚಾಚಿದಾಗ ಹಿಮ್ಮಡಿಯ ಮೇಲೆ, ಹಿಂಭಾಗದಲ್ಲಿ ನೋವು ಬಂದರೆ ಮಾತ್ರ ತಾಳಿಕೊಂಡು ಮಾಡಬೇಡಿ, ತೋರಿಸಿ.

ಬಾರ್_ತುದಿಯವಳು:

ಎಲ್ಲರಿಗೂ ಥ್ಯಾಂಕ್ಸ್. ಹಳೇ ಶೂ ಬೇಡ ಅಂತ ಆ ಅಕ್ಕನಿಗೆ ಹೇಳಿಬಿಟ್ಟೆ. ನೋವು ಎಲ್ಲೂ ಇಲ್ಲ. ಆದರೆ ಒಂದೇ ಕಾಲಲ್ಲಿ ರೆಲೆವೇ ಮಾಡಿದರೆ ಬಲಗಾಲು ನಡುಗುತ್ತದೆ. ಟೀಚರ್ ಕಾಯಿಸುವುದು ಇದಕ್ಕೇನಾ? ಕೇಳಲು ಭಯ.

ಹಳೇ_ರಿಬ್ಬನ್:

ಭಯ ಬೇಡ, ಕೇಳು. 'ನನಗೆ ಯಾಕೆ ಇಲ್ಲ' ಅಂತ ಕೇಳಬೇಡ. 'ನನ್ನ ಪಾದದಲ್ಲಿ ಯಾವುದು ಇನ್ನೂ ಗಟ್ಟಿ ಆಗಬೇಕು' ಅಂತ ಕೇಳು. ಈ ಪ್ರಶ್ನೆಗೆ ಟೀಚರ್ ನಿನ್ನ ಪಕ್ಕ ಕೂತು ಪಾದ ಹಿಡಿದು ತೋರಿಸುತ್ತಾರೆ. ನನ್ನ ಟೀಚರ್ ಕೂಡ ನನ್ನನ್ನು ಗೆಳತಿಯರಿಗಿಂತ ಒಂದು ವರ್ಷ ಹೆಚ್ಚು ಕಾಯಿಸಿದ್ದರು. ನನಗೆ ಬಂದ ಸಿಟ್ಟು ಹೇಳತೀರದು. ಆದರೆ ಆ ವರ್ಷ ಮೆತ್ತನೆ ಶೂನಲ್ಲಿ ಗಟ್ಟಿಯಾದ ಪಾದದ ಮೇಲೆಯೇ ಆಮೇಲೆ ಅಷ್ಟು ವರ್ಷ ಕುಣಿದೆ.

ಮೇರಿ ತಾಲಿಯೋನಿ ಅನ್ನುವ ನರ್ತಕಿ 1832ರಲ್ಲಿ ಪ್ಯಾರಿಸ್‌ನಲ್ಲಿ 'ಲಾ ಸಿಲ್ಫೀಡ್' ಬ್ಯಾಲೆ ಮಾಡಿದಾಗ ಬೆರಳ ತುದಿಯ ನೃತ್ಯಕ್ಕೆ ಎಲ್ಲ ಕಡೆ ಹೆಸರು ಬಂತು. ಆಗ ಇಂಥ ಗಟ್ಟಿ ಬಾಕ್ಸ್ ಇರಲಿಲ್ಲ. ಅವರ ಶೂ ಮೆತ್ತನೆ ಸ್ಯಾಟಿನ್, ತುದಿಯಲ್ಲಿ ದಾರದ ಹೊಲಿಗೆ ಅಷ್ಟೇ. ನಿಲ್ಲಿಸುತ್ತಿದ್ದದ್ದು ಪಾದ, ಕಣಕಾಲು.

ನಿನ್ನ ಮೆತ್ತನೆ ಶೂ ತಿರುಗಿಸಿ ತಳ ನೋಡು. ಸವೆತ ಹೆಬ್ಬೆರಳು, ಎರಡನೇ ಬೆರಳಿನ ಬುಡದಲ್ಲಿ ಜಾಸ್ತಿ ಇದೆಯಾ, ಕಿರುಬೆರಳ ಕಡೆ ಇದೆಯಾ?

ಬಾರ್_ತುದಿಯವಳು:

ಅಕ್ಕಾ, ಈಗಲೇ ನೋಡಿದೆ! ಎಡಗಡೆ ಸರಿ ಇದೆ. ಬಲಗಡೆ ಶೂ ಕಿರುಬೆರಳ ಕಡೆ ಕಪ್ಪಾಗಿ, ತೆಳ್ಳಗಾಗಿದೆ.

ಹಳೇ_ರಿಬ್ಬನ್:

ಹಾಗಾದರೆ ಮೇಲೆ ಏರಿದಾಗ ಬಲಗಾಲಿನ ಭಾರ ಹೊರಗೆ ಜಾರುತ್ತಿದೆ. ಮೆತ್ತನೆ ಶೂನಲ್ಲಿ ಇದು ಬರೀ ನಡುಕ. ಪಾಯಿಂಟ್ ಶೂನಲ್ಲಿ ಕಣಕಾಲು ಉಳುಕಬಹುದು. ಎರಡೂ ಪಾದ ನೇರ ಇಟ್ಟು, ಕಣಕಾಲುಗಳ ಒಳಗಡೆ, ಹಿಮ್ಮಡಿಗೆ ಸ್ವಲ್ಪ ಮೇಲೆ, ಒಂದು ಟೆನಿಸ್ ಚೆಂಡು ಹಿಡಿದುಕೋ. ನಿಧಾನವಾಗಿ ಏರು, ಅದಕ್ಕಿಂತ ನಿಧಾನವಾಗಿ ಇಳಿ. ಚೆಂಡು ಬೀಳಬಾರದು. ಬೀಳುವುದು ಸಾಮಾನ್ಯವಾಗಿ ಇಳಿಯುವಾಗಲೇ, ಅಲ್ಲಿ ಆತುರ ಬೇಡ. ಸುಸ್ತಾದರೆ ನಿಲ್ಲಿಸು. ಸುಸ್ತಾದ ಪಾದ ತಪ್ಪನ್ನೇ ಕಲಿಯುತ್ತದೆ. ನಾಳೆ ಕ್ಲಾಸಿಗೆ ಶೂ ತೆಗೆದುಕೊಂಡು ಹೋಗಿ ಟೀಚರ್‌ಗೆ ಆ ತಳ ತೋರಿಸು. ಏನಂದರು ಅಂತ ಇಲ್ಲೇ ಬರೆ, ಕಾಯುತ್ತಿರುತ್ತೇನೆ.