ಹಣ್ಣು ಮದ್ಯದಲ್ಲಿ ನೆನೆಯುವುದೋ, ಊರುವುದೋ?

ಎಲ್ಲರಿಗೂ ನಮಸ್ಕಾರ.

ಹಣ್ಣನ್ನು ವೋಡ್ಕಾ, ಜಿನ್‌ಗಳಲ್ಲಿ ಮುಳುಗಿಸಿಟ್ಟು ಅದರ ಬಣ್ಣ, ಪರಿಮಳ ಮದ್ಯಕ್ಕೆ ಬರುವಂತೆ ಮಾಡುವ ಮನೆವಿಧಾನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಇನ್‌ಫ್ಯೂಸ್’ ಎಂಬ ಒಂದೇ ಕ್ರಿಯಾಪದ ಎರಡು ದಿನದಿಂದ ಕೈ ಕಟ್ಟಿಹಾಕಿದೆ.

ಮೊದಲು ‘ನೆನೆಸು’ ಎಂದು ಬರೆದೆ. ಓದಿದರೆ ಸಮಾಧಾನವಾಗಲಿಲ್ಲ. ಕಾಳು ನೆನೆಸಿದಾಗ ನಮಗೆ ಬೇಕಾದದ್ದು ಕಾಳು, ನೀರನ್ನು ಚೆಲ್ಲುತ್ತೇವೆ. ಇಲ್ಲಿ ತಿರುಗುಮುರುಗು: ಸೋಸಿ ಉಳಿಸಿಕೊಳ್ಳುವುದು ಮದ್ಯವನ್ನು. ಗಾಜಿನ ಜಾಡಿಯಲ್ಲಿ ಸ್ಟ್ರಾಬೆರಿ ಹಾಕಿಟ್ಟರೆ ಕೆಲವೇ ದಿನಗಳಲ್ಲಿ ಹಣ್ಣು ಬಿಳಿಚಿಕೊಳ್ಳುತ್ತದೆ, ಸುತ್ತಲಿನ ಮದ್ಯ ಕೆಂಪೇರುತ್ತದೆ. ಹಣ್ಣಿನೊಳಗಿನ ನೀರು ಸೇರಿ ಮದ್ಯದ ಕಡುಪೂ ತುಸು ತಗ್ಗುತ್ತದೆ. ಈ ಕೊಡುಕೊಳ್ಳುವಿಕೆ ‘ನೆನೆಸು’ ಎಂಬಲ್ಲಿ ಕಾಣುವುದಿಲ್ಲ.

‘ಹಣ್ಣಿನ ಸಾರ ಮದ್ಯಕ್ಕೆ ಇಳಿಯಿತು’ ಎಂದರೆ ಸೊಗಸಾಗಿಯೇ ಇದೆ. ಆದರೆ ಮದ್ಯದ ಪಕ್ಕ ‘ಇಳಿಸು’ ಬಂದ ಕೂಡಲೇ ಮನಸ್ಸು ಬಟ್ಟಿಗೆ ಹೋಗುತ್ತದೆ. ಬಟ್ಟಿ ಇಳಿಸುವುದೆಂದರೆ ಕಾಯಿಸಿ, ಆವಿಯನ್ನು ತಣಿಸಿ ಹಿಡಿಯುವುದು. ಅನೇಕ ದೇಶಗಳಲ್ಲಿ ಪರವಾನಗಿಯಿಲ್ಲದೆ ಮನೆಯಲ್ಲಿ ಹಾಗೆ ಮಾಡುವುದು ಅಪರಾಧ. ಇಲ್ಲಿ ಒಲೆಯೇ ಹೊತ್ತುವುದಿಲ್ಲ, ಹಾಗಾಗಿ ಈ ಪದವನ್ನು ನಾನು ಒಪ್ಪಲಾರೆ. ‘ಹಣ್ಣಿನ ಮದ್ಯ’ ಎಂದರೆ ವೈನ್ ಎಂದಾಗಿಬಿಡುತ್ತದೆ.

ಗೆಳೆಯರೊಬ್ಬರು ಆಯುರ್ವೇದದ ‘ಆಸವ’ವನ್ನು ಸೂಚಿಸಿದರು. ಆಸವ, ಅರಿಷ್ಟ ಎರಡೂ ಹುದುಗಿಸಿದವು. ಶೇಕಡಾ 40ರಷ್ಟು ಮದ್ಯಸಾರವಿರುವ ಕಡೆ ಹುದುಗು ಏಳುವುದೇ ಇಲ್ಲ. ಅರ್ಥಕ್ಕೆ ಹತ್ತಿರವಾದದ್ದು ‘ಹಿಮ’: ಮೂಲಿಕೆಯನ್ನು ರಾತ್ರಿಯಿಡೀ ತಣ್ಣೀರಿನಲ್ಲಿಟ್ಟು ಸೋಸಿದ್ದು. ಬಿಸಿನೀರಿನಲ್ಲಿಟ್ಟು ಸೋಸಿದ್ದು ‘ಫಾಂಟ’, ಕುದಿಸಿದ್ದು ‘ಕ್ವಾಥ’. ಎಂಥ ಖಚಿತ ವಿಂಗಡಣೆ! ಆದರೆ ಇಂದಿನ ಓದುಗರಿಗೆ ‘ಹಿಮ’ ಎಂದರೆ ಮಂಜೇ.

ಈಗ ನನ್ನ ಒಲವು ‘ಊರು’ ಕಡೆಗೆ. ‘ಉಪ್ಪಿನಲ್ಲಿ ಊರಿದ ಕಾಯಿ’ ಎನ್ನುವಾಗ ಹೊರಗಿನದು ಒಳಗೆ ಹೋಗಿದೆ. ‘ಬಾವಿಯಲ್ಲಿ ನೀರೂರಿತು’ ಎನ್ನುವಾಗ ಒಳಗಿನದು ಹೊರಗೆ ಬಂದಿದೆ. ಹೀರುವುದು, ಒಸರುವುದು ಎರಡೂ ಒಂದೇ ಪದದಲ್ಲಿ! ಜಾಡಿಯಲ್ಲಿ ನಡೆಯುವುದೂ ಅದೇ ಅಲ್ಲವೇ? ‘ಹಣ್ಣು ಊರಿದ ಮದ್ಯ’, ‘ನಾಲ್ಕು ವಾರ ಊರಲಿ’ ಎಂಬ ಬಳಕೆ ನನಗೆ ಹಿಡಿಸಿದೆ.

ತೊಡಕಿರುವುದು ಎರಡು ಕಡೆ. ‘ಹಣ್ಣೂರಿದ’ ಎಂದು ಕೂಡಿಸಿ ಬರೆದರೆ ಊರಿನ ಹೆಸರಿನಂತೆ ಕಾಣುತ್ತದೆ, ಆದ್ದರಿಂದ ಬಿಡಿಸಿಯೇ ಬರೆಯುತ್ತಿದ್ದೇನೆ. ಶೀರ್ಷಿಕೆಗೆ ನಾಮಪದವೂ ಬೇಕು. ‘ಊರಿಕೆ’ ಎಂಬ ರೂಪವನ್ನು ಯಾರಾದರೂ ಮಾತಿನಲ್ಲಿ ಕೇಳಿದ್ದೀರಾ? ‘ಊರಿಸು’ ನಿಮ್ಮ ಕಡೆ ಬಳಕೆಯಲ್ಲಿದೆಯೇ? ಯಾವ ಸಂದರ್ಭದಲ್ಲಿ ಹೇಳುತ್ತೀರಿ ಎಂದು ಒಂದು ವಾಕ್ಯದ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ.